ಒದ್ದೆ ಮರಳಿನ ತಂಪು

ಯಾರಾದರೂ ಶಾಲು ಎಳೆದು ಹೊದ್ದುಕೊಂಡರೆ ನನ್ನ ಕಣ್ಣು ತಾನಾಗಿ ಗೋಡೆಯ ಗಡಿಯಾರದ ಕಡೆ ಹೋಗುತ್ತದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಹೊದ್ದರೂ ಅಷ್ಟೆ. ಅಲ್ಲಿ ಗೋಡೆಯಿಲ್ಲ, ಕೈಗೆ ಕಟ್ಟಿದ್ದನ್ನು ನೋಡಿಕೊಳ್ಳುತ್ತೇನೆ. ಇವರಿಗೆ ಚಳಿ ಶುರುವಾಗಿ ಎಷ್ಟು ಹೊತ್ತಾಯಿತು, ಅದಕ್ಕೆ ಮೊದಲು ಏನಾಗಿತ್ತು ಎಂದು ಮನಸ್ಸು ಕೇಳತೊಡಗುತ್ತದೆ. ಅವರಿಗೆ ಬರೀ ಕಿಟಕಿಯ ಗಾಳಿ. ನನಗೆ ಯಸಳೂರಿನ ನಮ್ಮ ನಡುಮನೆ, ಅತ್ತಿಗೆಯ ಎದೆಯ ಮೇಲಿನ ಬಿಳಿ ಕೊಳವೆ, ಅಣ್ಣನ ಕೈಯ ಸಿರಿಂಜು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಅತ್ತಿಗೆಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಗಿ ಬೆಂಗಳೂರಿನ ಆಸ್ಪತ್ರೆಯಲ್ಲಿ ಔಷಧಿ ಶುರು ಮಾಡಿದ್ದರು. ಮೊದಮೊದಲು ಕೈಯ ನರಕ್ಕೇ ಸೂಜಿ ಚುಚ್ಚುತ್ತಿದ್ದರು. ಆ ಔಷಧಿಯ ಉರಿಗೆ ಒಂದೊಂದೇ ನರ ಸುಟ್ಟು, ಕಪ್ಪಾಗಿ, ಚರ್ಮದ ಕೆಳಗೆ ಹಗ್ಗದಂತೆ ಗಟ್ಟಿಯಾಗಿಬಿಟ್ಟಿತು. ಇನ್ನು ಚುಚ್ಚಲು ಜಾಗವಿಲ್ಲ ಅಂದಾಗ ಎದೆಯ ಮೇಲ್ಭಾಗದಲ್ಲಿ ಸಣ್ಣದಾಗಿ ಕೊಯ್ದು ಮೆತ್ತನೆಯ ಕೊಳವೆಯೊಂದನ್ನು ಕೂರಿಸಿದರು. ಅದರ ಒಂದು ತುದಿ ಚರ್ಮದಡಿ ಹಾದು ಹೃದಯದ ಹತ್ತಿರದ ದೊಡ್ಡ ರಕ್ತನಾಳದಲ್ಲಿ. ಇನ್ನೊಂದು ತುದಿ ಹೊರಗೆ, ಗೇಣುದ್ದ ಇಳಿಬಿದ್ದಿರುತ್ತಿತ್ತು. ಅದಕ್ಕೊಂದು ಕ್ಲಿಪ್ಪು, ಕೊನೆಗೊಂದು ಮುಚ್ಚಳ. ಅಣ್ಣನ ಕಸುಬು ಪೈಪಿನದೇ. ಬೇಸಿಗೆಯಲ್ಲಿ ಕಾಫಿ ಹೂವು ಬಿಡಲಿ ಎಂದು ತೋಟಗಳಿಗೆ ತುಂತುರು ನೀರು ಹಾಯಿಸುತ್ತಾರಲ್ಲ, ಆ ಡೀಸೆಲ್ ಪಂಪು ಮತ್ತು ಅಲ್ಯೂಮಿನಿಯಂ ಪೈಪುಗಳನ್ನು ಅವನು ಎಸ್ಟೇಟುಗಳಿಗೆ ಬಾಡಿಗೆಗೆ ಕೊಡುತ್ತಿದ್ದ, ತಾನೇ ನಿಂತು ಜೋಡಿಸಿಕೊಡುತ್ತಿದ್ದ.

"ಊರವರ ತೋಟಕ್ಕೆಲ್ಲ ಪೈಪ್ ಎಳೆದೂ ಎಳೆದೂ ಕೊನೆಗೆ ನಂಗೂ ಒಂದು ಎಳೆಸ್ಬುಟ್ಟ ಕಣೇ ನಿಮ್ಮಣ್ಣ," ಅಂತ ಅತ್ತಿಗೆ ಮನೆಗೆ ಬಂದ ದಿನವೇ ನನ್ನ ಮುಂದೆ ಸೆರಗು ಸರಿಸಿ ತೋರಿಸಿದಳು. "ನೋಡ್ತಿರು, ಏಪ್ರಿಲ್‌ಗೆ ನಾನೂ ಹೂವು ಬಿಡ್ತೀನಿ."

ತಲೆಯಲ್ಲಿ ಒಂದು ಕೂದಲಿರಲಿಲ್ಲ. ನಗುವಾಗ ಹುಬ್ಬಿಲ್ಲದ ಹಣೆ ಮೇಲೇರುತ್ತಿತ್ತು.

ನಾನು ಹಾಸನದಲ್ಲಿ ಡಿಗ್ರಿ ಮುಗಿಸಿ ಬಿ.ಎಡ್. ಸೀಟಿಗೆ ಕಾಯುತ್ತಾ ಮನೆಯಲ್ಲಿದ್ದೆ. ಅತ್ತಿಗೆಯ ಊಟ, ಬಟ್ಟೆ, ಔಷಧಿಯ ಹೊತ್ತು ನನ್ನ ಪಾಲಿಗೆ. ಕೊಳವೆಯ ಕೆಲಸ ಅಣ್ಣನದು. ಎರಡು ಸುತ್ತು ಔಷಧಿಯ ನಡುವೆ ಅವಳನ್ನು ಮನೆಗೆ ಕಳಿಸುವಾಗ ಆಸ್ಪತ್ರೆಯ ಸಿಸ್ಟರ್ ಅವನನ್ನು ಕೂರಿಸಿ ಕಲಿಸಿದ್ದರು. ಕೊಳವೆಯೊಳಗೆ ರಕ್ತ ಹೆಪ್ಪುಗಟ್ಟಿದರೆ ಅದು ಕಟ್ಟಿಕೊಳ್ಳುತ್ತದೆ. ಹಾಗಾಗದಂತೆ ಸೋಮವಾರ ಮತ್ತು ಗುರುವಾರ, ಹೆಪ್ಪು ತಡೆಯುವ ಔಷಧಿಯನ್ನು ಸಿರಿಂಜಿನಲ್ಲಿ ಎಳೆದು ನಿಧಾನವಾಗಿ ಒಳಗೆ ಬಿಡಬೇಕು. ಕೈ ಸೋಪಿನಲ್ಲಿ ತೊಳೆಯಬೇಕು, ಮುಚ್ಚಳವನ್ನು ಸ್ಪಿರಿಟ್ಟಿನಲ್ಲಿ ಉಜ್ಜಿ ಒಣಗುವತನಕ ಕಾಯಬೇಕು. ಅಣ್ಣ ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದ: "ಬ್ಲಾಕ್ ಆದ್ರೆ ಸ್ವಲ್ಪ ಪ್ರೆಶರ್ ಕೊಟ್ರೆ ಬಿಟ್ಕೊಳ್ಳಲ್ವಾ ಸಿಸ್ಟರ್?"

"ಅಯ್ಯೋ, ಇದು ನಿಮ್ಮ ತೋಟದ ಪೈಪಲ್ಲ. ಒತ್ತಿದ್ರೆ ಒಳಗೇ ಒಡೆದು ಹೋಗುತ್ತೆ. ಬಿಗಿ ಅನ್ಸಿದ್ರೆ ನಿಲ್ಲಿಸಿ, ಫೋನ್ ಮಾಡಿ. ಚಳಿ ಜ್ವರ ಬಂದ್ರೂ ಅಷ್ಟೆ. ಇವರ ರಕ್ತದಲ್ಲಿ ರೋಗ ತಡೆಯೋ ಕಾವಲಿನವರು ಯಾರೂ ಇಲ್ಲ ಈಗ. ಕಾಯಬೇಡಿ, ಹೊರಡಿ."

ಈ ಮಾತನ್ನು ಅಣ್ಣ ಊರಿಗೆ ಬಂದ ಮೇಲೆ ನಮಗೆ ಹಾಗೆಯೇ ಒಪ್ಪಿಸಿದ್ದ. ಅವನು ಅಸಡ್ಡೆಯ ಮನುಷ್ಯನಲ್ಲ. ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಕೈಯನ್ನು ಯಾವುದಕ್ಕೂ ತಾಗಿಸದೆ ಎತ್ತಿ ಹಿಡಿದುಕೊಂಡೇ ಬಚ್ಚಲಿನಿಂದ ನಡುಮನೆಗೆ ಬರುತ್ತಿದ್ದ. ಅತ್ತಿಗೆ, "ಬಂದ್ರು ನೋಡಿ ದೊಡ್ಡ ಡಾಕ್ಟ್ರು, ಎಲ್ಲಾ ಎದ್ದು ನಿಂತ್ಕಳಿ," ಎಂದು ರೇಗಿಸುತ್ತಿದ್ದಳು. ಅವನು ನಗುತ್ತಿರಲಿಲ್ಲ. ಸಿರಿಂಜಿನೊಳಗೆ ಗಾಳಿಯ ಗುಳ್ಳೆ ಉಳಿದಿದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಾ ಉಸಿರು ಬಿಗಿಹಿಡಿಯುತ್ತಿದ್ದ.

ಸಮಸ್ಯೆಯಾಗಿದ್ದು ಔಷಧಿಯ ಸೀಸೆ. ಒಂದೇ ಸೀಸೆಯಿಂದ ಹಲವು ಸಲ ಎಳೆಯಬಹುದಾಗಿತ್ತು. ಬಾಯಿಗೆ ರಬ್ಬರಿನ ಬಿರಡೆ. ಪ್ರತಿ ಸಲ ಅದಕ್ಕೆ ಸೂಜಿ ಚುಚ್ಚಿ ಎಳೆಯುವುದು. ಅಂಗಡಿಯವನು "ತಂಪಲ್ಲಿ ಇಡಿ" ಎಂದು ಹೇಳಿ ಕೊಟ್ಟಿದ್ದ. ಮಾರ್ಚ್ ತಿಂಗಳು, ಹೆಂಚಿನ ಕೆಳಗೆ ಮಧ್ಯಾಹ್ನ ಕೂರಲಾಗದ ಸೆಕೆ. ನಮ್ಮ ಮನೆಯಲ್ಲಿ ಫ್ರಿಜ್ಜಿರಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಎಸ್.ಟಿ.ಡಿ. ಬೂತು ಇಟ್ಟುಕೊಂಡು ಕಾಫಿ, ಮೆಣಸು ಕೊಳ್ಳುತ್ತಿದ್ದ ಸಾಹೇಬರು ಅಣ್ಣನ ಸ್ನೇಹಿತರು. ವಿಷಯ ಕೇಳಿ, "ನಮ್ಮನೆ ಫ್ರಿಜ್ಜಲ್ಲಿ ಇಡ್ರಿ, ಬೇಕಾದಾಗ ಬಂದು ತಗಂಡೋಗಿ," ಅಂದರು.

ಅವ್ವ ಒಪ್ಪಲಿಲ್ಲ. "ಅಲ್ಲಿ ಮೀನು, ಮಾಂಸ ಎಲ್ಲಾ ಇಟ್ಟಿರ್ತಾರೆ. ಎದೆ ಒಳಿಕ್ಕೆ ಹೋಗೋ ಔಷ್ದಿ ಅದು. ಬ್ಯಾಡಪ್ಪ. ನಾನು ಇಡ್ತೀನಿ ತಂಪಲ್ಲಿ."

ಅವ್ವನಿಗೆ ಗೊತ್ತಿದ್ದ ತಂಪು ಒಂದೇ. ಅಡಿಗೆಮನೆಯ ಮೂಲೆಯಲ್ಲಿ ಕುಡಿಯುವ ನೀರಿನ ಮಡಕೆ ಕೂರಿಸಲು ಹೊಳೆಯ ಮರಳು ಹಾಸಿದ್ದಳು. ಮಡಕೆ ಜಿನುಗಿ ಆ ಮರಳು ಯಾವಾಗಲೂ ಒದ್ದೆ. ಪೂಜೆಯ ವೀಳ್ಯದೆಲೆಯನ್ನು ಬಾಳೆಪಟ್ಟೆಯಲ್ಲಿ ಸುತ್ತಿ ಅದರಲ್ಲಿ ಹುಗಿದಿಟ್ಟರೆ ವಾರ ಕಳೆದರೂ ಎಲೆ ಬಾಡುತ್ತಿರಲಿಲ್ಲ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಎಲೆ ಇಡುವುದು ಹಾಗೆಯೇ. ಆದರೆ ಅವ್ವನ ಮೂಲೆ ಇನ್ನೂ ಒಂದು ಕೈ ಮೇಲೆ. ಸ್ನಾನ ಮಾಡದೆ ಅವಳು ಅದನ್ನು ಮುಟ್ಟುತ್ತಿರಲಿಲ್ಲ, ನಮ್ಮನ್ನೂ ಮುಟ್ಟಗೊಡುತ್ತಿರಲಿಲ್ಲ. ಬೆಳಿಗ್ಗೆ ಮಿಂದು, ಲಿಂಗಪೂಜೆ ಮುಗಿಸಿ, ಬಾವಿಯಿಂದ ಆಗ ತಾನೇ ಸೇದಿದ ನೀರನ್ನು ಮರಳಿನ ಮೇಲೆ ಚಿಮುಕಿಸುತ್ತಿದ್ದಳು. ಆ ಮನೆಯಲ್ಲಿ ಅದಕ್ಕಿಂತ ಶುದ್ಧವಾದ ಜಾಗ ಇರಲಿಲ್ಲ. ಸೀಸೆಯನ್ನು ಕುತ್ತಿಗೆಯವರೆಗೆ ಅಲ್ಲಿ ಹುಗಿದು, ಮೇಲೆ ಒದ್ದೆ ಬಿಳಿ ಬಟ್ಟೆಯ ತುಂಡು ಮುಚ್ಚಿದಳು. ಅಣ್ಣ ಔಷಧಿ ಕೇಳಿದಾಗ ತಾನೇ ತೆಗೆದು, ರಬ್ಬರಿನ ಬಾಯನ್ನು ಮಡಿಯ ಬಟ್ಟೆಯಲ್ಲಿ ಒರೆಸಿ ಕೊಡುತ್ತಿದ್ದಳು.

ಕೊಳವೆಯ ಮುಚ್ಚಳಕ್ಕೆ ಅಣ್ಣ ತಪ್ಪದೆ ಸ್ಪಿರಿಟ್ ಹಚ್ಚುತ್ತಿದ್ದ. ಸೀಸೆಯ ಬಾಯಿಗೆ ಹಚ್ಚಬೇಕೆಂದು ಅವನಿಗೆ ಹೊಳೆಯಲಿಲ್ಲ. ಆಸ್ಪತ್ರೆಯಲ್ಲಿ ಅವನು ನೋಡಿದ್ದು ಪ್ರತಿ ಸಲವೂ ಆಗಷ್ಟೇ ಒಡೆದ ಹೊಸ ಸೀಸೆ. ಇಲ್ಲಿ ಅದು ಬರುತ್ತಿದ್ದದ್ದು ಅವ್ವನ ಕೈಯಿಂದ.

ಮೊದಲ ಸೋಮವಾರ ಏನೂ ಆಗಲಿಲ್ಲ. ಗುರುವಾರ ಔಷಧಿ ಬಿಟ್ಟ ಮೇಲೆ ಅತ್ತಿಗೆ ಜಗುಲಿಗೆ ಹೋಗಿ ಬಿಸಿಲಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ, "ಆ ಶಾಲು ಕೊಡೇ ಇಲ್ಲಿ," ಅಂದಳು. ಹೊರಗೆ ಸೆಕೆಗೆ ನಾಯಿ ನಾಲಗೆ ಚಾಚಿ ಮಲಗಿತ್ತು. ಶಾಲು ಕೊಟ್ಟೆ. ಮೈ ಸ್ವಲ್ಪ ಬಿಸಿಯಾಗಿ ಮಧ್ಯಾಹ್ನದ ಹೊತ್ತಿಗೆ ಇಳಿಯಿತು. ದಣಿವು ಅಂದುಕೊಂಡೆವು.

ಮುಂದಿನ ಸೋಮವಾರ ಬಂದದ್ದು ಬೇರೆ ಚಳಿ. ಅಣ್ಣ ಸಿರಿಂಜು ಎತ್ತಿಟ್ಟು ತಿಂಡಿ ತಿಂದು ಕೈ ತೊಳೆಯುತ್ತಿದ್ದ, ಅಷ್ಟರಲ್ಲಿ ಅತ್ತಿಗೆಯ ಹಲ್ಲು ಕಟಕಟ ಅನ್ನತೊಡಗಿತು. ಮಂಚ ಅಲುಗಾಡುತ್ತಿತ್ತು. ಮೂರು ಕಂಬಳಿ ಹೊದಿಸಿ ಮೇಲೆ ನಾನು ಅಪ್ಪಿಕೊಂಡು ಮಲಗಿದೆ. ನನ್ನ ಮೈಯೂ ಅವಳ ಜೊತೆ ನಡುಗಿತು. ಅರ್ಧ ಗಂಟೆ ಕಳೆದ ಮೇಲೆ ಸುಡುವ ಜ್ವರ. ಅಣ್ಣ ಊರಿನ ಡಾಕ್ಟರನ್ನು ಕರೆತಂದ. ಅವರು ನಾಲಗೆ, ಕಣ್ಣು ನೋಡಿ, ತೋಟದ ಕೂಲಿ ಲೈನುಗಳಲ್ಲಿ ಮಲೇರಿಯಾ ಓಡಾಡುತ್ತಿದೆ, ರಕ್ತ ಪರೀಕ್ಷೆಗೆ ಕಳಿಸೋಣ ಎಂದು ಮಾತ್ರೆ ಕೊಟ್ಟು ಹೋದರು. ಸಂಜೆ ಬೆಂಗಳೂರಿಗೆ ಫೋನ್ ಮಾಡೋಣ ಎಂದು ಅಣ್ಣ ಚಪ್ಪಲಿ ಮೆಟ್ಟಿದ. ಅಷ್ಟರಲ್ಲಿ ಜ್ವರ ಬಿಟ್ಟು ಅತ್ತಿಗೆ ಎದ್ದು ಕೂತು ಗಂಜಿ ಕುಡಿದಳು. ಚಪ್ಪಲಿ ಮತ್ತೆ ಮೂಲೆ ಸೇರಿತು.

ಗುರುವಾರ ಬೆಳಿಗ್ಗೆ ಅತ್ತಿಗೆಯ ಕಂಬಳಿ ಮಡಿಸುತ್ತಿದ್ದಾಗ ಎರಡೂ ದಿನಗಳು ನನ್ನ ತಲೆಯಲ್ಲಿ ಒಂದರ ಪಕ್ಕ ಒಂದು ಬಂದು ಕೂತವು. ಗುರುವಾರ, ಸೋಮವಾರ. ನಡುವಿನ ದಿನಗಳಲ್ಲಿ ಅವಳಿಗೆ ಏನೂ ಇರಲಿಲ್ಲ. ಮಲೇರಿಯಾಕ್ಕೆ ಅಣ್ಣನ ಸಿರಿಂಜಿನ ಹೊತ್ತು ಹೇಗೆ ಗೊತ್ತು?

ಅಣ್ಣ ಆಗಲೇ ಕೈ ತೊಳೆಯಲು ಹೊರಟಿದ್ದ. ಅವನಿಗೆ ಅವಸರ. ಹೆಗ್ಗದ್ದೆ ಕಡೆಯ ಒಂದು ಎಸ್ಟೇಟಿನಲ್ಲಿ ಪಂಪು ಇಳಿಸಿ ಬಂದಿದ್ದ. ಹಳ್ಳದ ನೀರು ಸರದಿಯ ಮೇಲೆ, ಅವತ್ತು ತಪ್ಪಿದರೆ ಆ ತೋಟದ ಮೊಗ್ಗು ಒಣಗುತ್ತಿತ್ತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಹೇಳಿಕಳಿಸಿದ್ದರು.

"ಅಣ್ಣ, ಇವತ್ತು ಬಿಡಬೇಡ," ಅಂದೆ. "ಎರಡು ಸಲಾನೂ ನೀನು ಔಷಧಿ ಬಿಟ್ಟ ಮೇಲೇ ಚಳಿ ಬಂದಿದ್ದು."

"ಬಿಡದೆ? ಒಳಗೆ ರಕ್ತ ಕಟ್ಕಂಡ್ರೆ? ಈ ಪೈಪು ಹೋದ್ರೆ ಇನ್ನೆಲ್ಲಿ ಕೂರಿಸ್ತಾರೆ? ಕೈ ನೋಡಿದ್ಯಾ ಅವಳ್ದು?"

"ಕಟ್ಟಿಕೊಂಡ್ರೆ ಪೈಪು ಹೋಗುತ್ತೆ. ಇದು ಬೇರೆ ಏನೋ ಆಗಿದ್ರೆ…"

"ಏನು ಬೇರೆ? ನಾನು ಕೈ ತೊಳೆಯದೆ ಮುಟ್ಟಿದ್ದು ನೋಡಿದ್ಯಾ? ಕಾಲೇಜ್ ಓದ್ಬುಟ್ರೆ ಎಲ್ಲಾ ಗೊತ್ತಾಗ್ಬುಡ್ತದಾ?"

ಅವ್ವ ಅಡಿಗೆಮನೆಯಿಂದ, "ಬೆಳ್‌ಬೆಳಿಗ್ಗೆ ಅಪಶಕುನ ಆಡಬ್ಯಾಡ ಕಣೇ," ಅಂದಳು. ಅವಳ ಕೈಯಲ್ಲಿ ಸೀಸೆ ಇತ್ತು.

"ಇಬ್ರೂ ಬಾಯಿ ಮುಚ್ರಿ," ಎಂದಳು ಅತ್ತಿಗೆ ಮಂಚದಿಂದ. "ಪೈಪು ನಂದು. ಹೋಗೇ ನೀನು, ಸಾಹೇಬ್ರ ಬೂತಿಂದ ಬೆಂಗಳೂರಿಗೆ ಫೋನ್ ಮಾಡಿ ಕೇಳ್ಕಂಡ್ ಬಾ. ಅಲ್ಲೀಗಂಟ ಇವ್ರು ಕೂತಿರ್ಲಿ. ಹೂವು ಒಣಗಿದ್ರೆ ಒಣಗ್ಲಿ, ಒಂದು ಗಳಿಗೆ ತಡ ಆದ್ರೆ ಒಣಗೋಕೆ ನಾನೇನು ಮೊಗ್ಗಾ?"

ನಾನು ಓಡಿದೆ. ಬೂತಿನಲ್ಲಿ ಲೈನು ಸಿಗಲಿಲ್ಲ. ಸಾಹೇಬರು ನನ್ನ ಮುಖ ನೋಡಿ ಏನೂ ಕೇಳದೆ ತಾವೇ ನಂಬರು ಒತ್ತತೊಡಗಿದರು. ಎಂಗೇಜು. ಮತ್ತೆ ಒತ್ತಿದರು. ಹೊರಗೆ ಸಕಲೇಶಪುರದ ಬಸ್ಸು ಬಂದು ಜನ ಹತ್ತಿಸಿಕೊಂಡು ಹೋಯಿತು. ಗಂಟೆ ಹೊಡೆದುಕೊಂಡು, ಯಾರೋ ಎತ್ತಿ, ಇನ್ಯಾರಿಗೋ ಕೊಟ್ಟು, ಕೊನೆಗೆ ಆ ವಾರ್ಡಿನ ಸಿಸ್ಟರ್ ಸಿಕ್ಕರು. ನಾನು ಹೇಳಿದ್ದನ್ನು ಪೂರ್ತಿ ಕೇಳಲೂ ಇಲ್ಲ.

"ಔಷಧಿ ಬಿಟ್ಟ ಎಷ್ಟು ಹೊತ್ತಿಗೆ ಚಳಿ?"

"ಅರ್ಧ ಗಂಟೆಯೊಳಗೆ."

"ಆ ಟ್ಯೂಬಿಗೆ ಏನೂ ಹಾಕಬೇಡಿ. ಒಂದು ಹನಿ ಕೂಡ. ಅದರಲ್ಲಿ ಇನ್‌ಫೆಕ್ಷನ್ ಕೂತಿದೆ, ನೀವು ತಳ್ಳಿದಾಗಲೆಲ್ಲ ಸೀದಾ ರಕ್ತಕ್ಕೆ ಹೋಗ್ತಾ ಇದೆ. ಈಗಲೇ ಹೊರಡಿ. ಬೆಂಗಳೂರಿಗೆ ಬರೋವರೆಗೂ ಕಾಯಬೇಡಿ. ಹತ್ತಿರದ ಆಸ್ಪತ್ರೇಲಿ ಕೈ ನರದಿಂದ ಆಂಟಿಬಯೋಟಿಕ್ ಶುರು ಮಾಡಿಸಿ. ಕೈಯಿಂದ, ಗೊತ್ತಾಯ್ತಾ? ಔಷಧಿ ಸೀಸೇನೂ ತಗೊಂಡು ಹೋಗಿ."

ರಿಸೀವರ್ ಇಡುವಾಗ ಸಾಹೇಬರು ಆಗಲೇ ಜೀಪಿನ ಕೀಲಿ ಹುಡುಕುತ್ತಿದ್ದರು. "ನೀನು ಓಡು ತಂಗಿ, ನಾನು ಗಾಡಿ ತರ್ತೀನಿ."

ಆ ದಾರಿ ನನಗೆ ಇವತ್ತಿಗೂ ಮುಗಿದಿಲ್ಲ. ಬಸ್ ಸ್ಟ್ಯಾಂಡಿನಿಂದ ಏರು, ಮೆಣಸು ಒಣಹಾಕಿದ ಕಣ, ತಿರುವು, ನಮ್ಮ ಬೇಲಿಯ ತಡಮೆ. ಕಣದ ಹತ್ತಿರ ಬಂದಾಗಲೇ ಕೂಗಿದ್ದೇನೆ ಅನ್ನಿಸುತ್ತದೆ. ಬಾಗಿಲ ಬೆಳಕಿನಲ್ಲಿ ಅಣ್ಣ ಮಂಚದ ಪಕ್ಕ ಬಗ್ಗಿ ಕೂತಿರುವುದು ಕಾಣಿಸಿತು. ಸರದಿಯ ಹೊತ್ತು ಮೀರುತ್ತಿದೆ, ಲೈನು ಸಿಕ್ಕಿತೋ ಇಲ್ಲವೋ, ನಾನು ಬರುತ್ತಿಲ್ಲ. ಕಟ್ಟಿಕೊಂಡರೆ ಗತಿಯೇನು ಎಂಬ ಭಯ ಅವನನ್ನು ಕೂರಗೊಟ್ಟಿರಲಿಲ್ಲ. ಸಿರಿಂಜು ಕೊಳವೆಗೆ ಜೋಡಿಸಿತ್ತು.

"ಬಿಗಿ ಐತೆ," ಎಂದು ಅವನು ತನಗೇ ಹೇಳಿಕೊಂಡ. ಹೆಬ್ಬೆರಳಿನ ಉಗುರು ಬೆಳ್ಳಗಾಗಿತ್ತು. ಅವನು ಒತ್ತುತ್ತಿದ್ದ. ಪೈಪು ಕಟ್ಟಿದಾಗ ಪಂಪಿನ ಮುಂದೆ ಹೇಗೆ ದವಡೆ ಕಚ್ಚಿ ನಿಲ್ಲುತ್ತಿದ್ದನೋ ಹಾಗೆಯೇ ದವಡೆ ಕಚ್ಚಿದ್ದ.

"ಬೇಡ! ಅಣ್ಣ, ಬೇಡ! ಒಂದು ಹನೀನೂ ಬೇಡವಂತೆ!"

ಅವನು ತಲೆಯೆತ್ತಿದ. ಬೆರಳು ಎತ್ತಲಿಲ್ಲ. ನಾನು ಹೊಸ್ತಿಲಲ್ಲಿದ್ದೆ, ಅವರು ಗೋಡೆಯ ಹತ್ತಿರ. ನಡುವೆ ಇಡೀ ನಡುಮನೆ. ಆಗ ಅತ್ತಿಗೆ ತನ್ನ ಎಡಗೈ ಎತ್ತಿ ಎದೆಯ ಮೇಲಿನ ಕ್ಲಿಪ್ಪನ್ನು ಅದುಮಿದಳು. ಟಿಕ್ ಅಂದಿತು. ಕೊಳವೆ ಮುಚ್ಚಿಕೊಂಡಿತು.

"ಕೇಳಿಸ್ಲಿಲ್ವಾ?" ಅಂದಳು ಅವನಿಗೆ, ಮೆಲ್ಲಗೆ.

ಸಿರಿಂಜನ್ನು ನೋಡಿದೆವು. ಸ್ವಲ್ಪ ಖಾಲಿಯಾಗಿತ್ತು. ಒಳಗೆ ಹೋಗಿದ್ದನ್ನು ಹಿಂದಕ್ಕೆ ತರುವ ಹಾಗಿರಲಿಲ್ಲ. ಇನ್ನು ಅರ್ಧ ಗಂಟೆ ಅಥವಾ ಅದಕ್ಕೂ ಕಡಿಮೆ ಎನ್ನುವುದು ಮೂವರಿಗೂ ಗೊತ್ತಿತ್ತು.

ಜೀಪಿನ ಹಿಂಭಾಗದಲ್ಲಿ ಹಾಸಿಗೆ ಹಾಸಿ ಅವಳನ್ನು ಮಲಗಿಸಿದೆವು. ಅವ್ವ ಕಂಬಳಿಗಳನ್ನು ತುಂಬಿದಳು; ಹತ್ತಲು ಜಾಗವಿರಲಿಲ್ಲ, ಬಾಗಿಲಲ್ಲೇ ನಿಂತಳು. ಅಣ್ಣ ಮುಂದೆ ಸಾಹೇಬರ ಪಕ್ಕ. ಸೀಸೆ ಅವನ ಅಂಗಿಯ ಜೇಬಿನಲ್ಲಿ, ಬಟ್ಟೆ ಸುತ್ತಿ. ರಸ್ತೆಯ ಎರಡೂ ಬದಿ ತೋಟಗಳಲ್ಲಿ ತುಂತುರು ತಿರುಗುತ್ತಿತ್ತು. ಎಲ್ಲೆಲ್ಲಿ ನೀರು ಬಿದ್ದು ವಾರವಾಗಿತ್ತೋ ಅಲ್ಲಿ ಕಾಫಿ ಬೆಳ್ಳಗೆ ಬಿರಿದು ಘಮ್ಮೆನ್ನುತ್ತಿತ್ತು.

"ಇನ್ನೂ ಬಂದಿಲ್ಲ," ಅಂದಳು ಅತ್ತಿಗೆ. ಸ್ವಲ್ಪ ದೂರ ಹೋದ ಮೇಲೆ, "ಇನ್ನೂ ಇಲ್ಲ ಕಣೇ. ಸುಮ್ನೆ ಎಲ್ರನ್ನೂ ಓಡಿಸ್ಬುಟ್ಯಲ್ಲ ಮಾರಾಯ್ತಿ." ಆಮೇಲೆ ಮಾತು ನಿಂತಿತು. ನನ್ನ ಮಣಿಕಟ್ಟನ್ನು ಹಿಡಿದಿದ್ದ ಅವಳ ಬೆರಳುಗಳು ಮೊದಲು ತಣ್ಣಗಾದವು. "ಶಾಲು," ಅಂದಳು.

ಎಲ್ಲ ಕಂಬಳಿಗಳನ್ನೂ ಹೊದಿಸಿ ಅವಳ ಮೇಲೆ ಬಿದ್ದೆ. ಒಂದು ಕೈ ಮಾತ್ರ ಕ್ಲಿಪ್ಪಿನ ಮೇಲೆ. ನಡುಕಕ್ಕೆ ಅದು ಎಲ್ಲಿ ಬಿಟ್ಟುಕೊಳ್ಳುತ್ತದೋ ಎಂದು. ಮುಂದಿನ ತಿರುವಿನಲ್ಲಿ ಮರದ ದಿಮ್ಮಿ ತುಂಬಿದ ಲಾರಿಯೊಂದು ಚಕ್ರ ಚರಂಡಿಗಿಳಿದು ಅಡ್ಡ ನಿಂತಿತ್ತು. ಸಾಹೇಬರು ಹಾರನ್ನಿನಿಂದ ಕೈ ತೆಗೆಯಲಿಲ್ಲ.

"ಇರಿ ಸಾಬ್ರೇ, ಲಾರಿ ಏನು ನಿಮ್ಮ ಹಾರನ್ನಿಗೆ ಹಾರ್‌ಹೋಗ್ತದಾ?" ಎಂದು ಕ್ಲೀನರು ನಕ್ಕ.

ಸಾಹೇಬರು ಇಳಿದು ಅವನ ರಟ್ಟೆ ಹಿಡಿದು ಎಳೆತಂದು ಜೀಪಿನ ಹಿಂಭಾಗ ತೋರಿಸಿದರು. ಅವನು ಲಾರಿಯವರನ್ನೆಲ್ಲ ಕೂಗಿ ಕರೆದ. ನಾಲ್ಕೈದು ಜನ ಸೇರಿ ರಸ್ತೆ ಅಂಚಿನ ಬೇಲಿ ಕಿತ್ತು ತೋಟದೊಳಗಿಂದ ಜೀಪು ದಾಟಿಸಿದರು. ಗಿಡದ ರೆಂಬೆಗಳು ಒಳಗೆ ನುಗ್ಗಿ ಕಂಬಳಿಯ ಮೇಲೆ ಬಿಳಿ ಹೂವು ಉದುರಿದವು. ಅತ್ತಿಗೆ ಕಣ್ಣು ಬಿಟ್ಟಿದ್ದಳು, ಆದರೆ ನೋಡುತ್ತಿರಲಿಲ್ಲ.

ಸಕಲೇಶಪುರದ ನರ್ಸಿಂಗ್ ಹೋಮಿನಲ್ಲಿ ಬಿ.ಪಿ. ನೋಡಿದ ನರ್ಸು ಇನ್ನೊಮ್ಮೆ ಪಟ್ಟಿ ಬಿಗಿದು ನೋಡಿದಳು. ಡಾಕ್ಟರು ಓಡಿಬಂದರು. ನರ್ಸು ಅತ್ತಿಗೆಯ ಕೈ ತಿರುಗಿಸಿ, ಹಗ್ಗದಂಥ ನರಗಳನ್ನು ಕಂಡು, "ಎದೇಲೇ ಲೈನ್ ಇದೆಯಲ್ಲ ಸಾರ್, ಇದಕ್ಕೇ ಹಾಕ್ಲಾ?" ಎಂದು ಕ್ಲಿಪ್ಪಿಗೆ ಕೈ ಹಾಕಿದಳು. ನಾನು ಅವಳ ಕೈ ಹಿಡಿದುಕೊಂಡೆ. ಗಟ್ಟಿಯಾಗಿಯೇ ಹಿಡಿದಿರಬೇಕು. "ಕೈಯಿಂದ. ಕೈಯಿಂದಲೇ ಹಾಕಬೇಕಂತೆ," ಅಂತಷ್ಟೇ ಹೇಳುತ್ತಿದ್ದೆ. ಡಾಕ್ಟರು ನನ್ನನ್ನೂ ಕೊಳವೆಯನ್ನೂ ನೋಡಿ, ಏನಾಗಿದೆ ಎಂದು ಕೇಳಿ, "ಸರಿ, ಅದನ್ನು ಮುಟ್ಟಬೇಡಿ," ಅಂದರು. ಕೈಯಲ್ಲಿ ಸಿಗಲಿಲ್ಲ. ಇನ್ನೊಂದು ಕೈಯಲ್ಲೂ ಸಿಗಲಿಲ್ಲ. ಅವರೇ ಮುಂಗಾಲ ಹತ್ತಿರ ಬಗ್ಗಿ, ಬೆರಳಿನಿಂದ ತಟ್ಟಿ ತಟ್ಟಿ, ಕೊನೆಗೂ ಒಂದು ನರ ಹಿಡಿದರು. ಪರೀಕ್ಷೆಗೆ ರಕ್ತ ತೆಗೆದರು, ಆಂಟಿಬಯೋಟಿಕ್ ಹೋಗತೊಡಗಿತು.

ಆಮೇಲೆ ಅವರು ಸೀಸೆ ಕೇಳಿದರು. ಅಣ್ಣ ಜೇಬಿನಿಂದ ತೆಗೆದು ಬಟ್ಟೆ ಬಿಚ್ಚಿದ. ಬಟ್ಟೆ ಇನ್ನೂ ಒದ್ದೆಯಾಗಿತ್ತು. ಡಾಕ್ಟರು ಕಿಟಕಿಯ ಬೆಳಕಿಗೆ ಹಿಡಿದರು. ರಬ್ಬರಿನ ಬಿರಡೆಯ ಸುತ್ತ, ಲೋಹದ ಅಂಚಿನ ಸಂದಿಯಲ್ಲಿ, ಸಣ್ಣ ಮರಳಿನ ಕಣಗಳು ಮಿನುಗಿದವು.

"ಎಲ್ಲಿಟ್ಟಿದ್ರಿ ಇದನ್ನ?"

"ತಂಪಲ್ಲೇ ಇಟ್ಟಿದ್ವಿ ಸಾರ್," ಎಂದ ಅಣ್ಣ. ಅವನ ದನಿಯಲ್ಲಿ ಒಂದು ಭರವಸೆ ಇತ್ತು, ಕೊನೆಗೂ ತಾನು ಸರಿಯಾಗಿ ಮಾಡಿದ್ದೊಂದನ್ನು ಕೇಳುತ್ತಿದ್ದಾರೆ ಎನ್ನುವ ಹಾಗೆ. "ನೀರಿನ ಮಡಕೆ ಕೆಳಗೆ, ಒದ್ದೆ ಮರಳಲ್ಲಿ. ನಮ್ಮವ್ವ ಪೂಜೆ ಎಲೆ ಇಡ್ತಾರೆ ಅಲ್ಲಿ. ಭಾಳ ಮಡಿ ಸಾರ್, ಯಾರೂ ಮುಟ್ಟಲ್ಲ."

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಕುರ್ಚಿ ಎಳೆದು ಕೂತು, "ನೋಡಿ," ಅಂದರು. "ಒದ್ದೆ ಮರಳಲ್ಲಿ, ನಿಂತ ತೇವದಲ್ಲಿ ಬೆಳೆಯೋ ರೋಗಾಣು ಇವೆ. ಆ ನೀರು ಕುಡಿದ್ರೆ ನಿಮಗೆ ನನಗೆ ಏನೂ ಆಗಲ್ಲ. ಸೂಜಿ ಈ ಬಾಯಿಂದ ಒಳಗೆ ಹೋಗುವಾಗ ಅದನ್ನೂ ತಗೊಂಡು ಹೋಗುತ್ತೆ. ಒಮ್ಮೆ ಸೀಸೆ ಒಳಗೆ ಸೇರಿದ ಮೇಲೆ ನೀವು ಕೈ ಎಷ್ಟು ತೊಳೆದ್ರೇನು?"

ಅಣ್ಣ ತನ್ನ ಕೈಗಳನ್ನು ನೋಡಿಕೊಂಡ. ಬೆಳಿಗ್ಗೆ ತೊಳೆದ ಸೋಪಿನ ವಾಸನೆ ಇನ್ನೂ ಹೋಗಿರಲಿಲ್ಲ.

ಅಲ್ಲಿ ಇಟ್ಟುಕೊಳ್ಳುವ ಸ್ಥಿತಿ ಅಲ್ಲ, ಹಾಸನಕ್ಕೆ ಒಯ್ಯಿರಿ ಎಂದು ಡ್ರಿಪ್ಪಿನ ಸಮೇತ ಕಳಿಸಿದರು. ಜೀಪಿನ ಮೇಲಿನ ಕಂಬಿಗೆ ಬಾಟಲಿ ಕಟ್ಟಿದೆವು; ಗುಂಡಿಯಲ್ಲಿ ಎಗರಿದಾಗ ಕಳಚಿತು, ಅಲ್ಲಿಂದ ನಾನೇ ಎತ್ತಿ ಹಿಡಿದುಕೊಂಡೆ. ಆಲೂರು ದಾಟುವವರೆಗೆ ಹನಿ ಬೀಳುವುದನ್ನು ಬಿಟ್ಟು ಬೇರೇನೂ ನೋಡಲಿಲ್ಲ. ಹನಿ ನಿಂತಂತೆ ಕಂಡರೆ ಕೈ ಇನ್ನೂ ಮೇಲೆತ್ತುತ್ತಿದ್ದೆ. ಅತ್ತಿಗೆಯ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಗುಡ್ಡಗಳು ಹಿಂದೆ ಸರಿದು ಬಯಲು ಬಂತು. ಅಣ್ಣ ಒಂದೇ ಸಲ ಹಿಂದೆ ತಿರುಗಿ, "ಉಸಿರಾಡ್ತವಳಾ?" ಎಂದು ಕೇಳಿದ. ಸಾಹೇಬರು ಮಾತ್ರ ತಮ್ಮಷ್ಟಕ್ಕೆ ತುಟಿಯಲ್ಲಿ ಏನೋ ಪಠಿಸುತ್ತಿದ್ದರು. ಅವರ ಫ್ರಿಜ್ಜಿನ ವಿಷಯ ಅವರು ಅವತ್ತೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ.

ಹಾಸನದಲ್ಲಿ ಆ ಸಂಜೆಯೇ ಕೊಳವೆಯನ್ನು ತೆಗೆದರು. ಅಷ್ಟು ಕಷ್ಟಪಟ್ಟು ಕೂರಿಸಿದ್ದನ್ನು ಹೊರಗೆಳೆಯಲು ಎಷ್ಟು ಕಡಿಮೆ ಹೊತ್ತು ಸಾಕಾಯಿತು ಎಂದು ಅಣ್ಣ ಎಷ್ಟೋ ಸಲ ಹೇಳಿದ್ದಾನೆ. ಎರಡು ದಿನ ಅವಳು ನಮ್ಮನ್ನು ಗುರುತಿಸಲಿಲ್ಲ. ಸೀಸೆಯಲ್ಲೂ ಅವಳ ರಕ್ತದಲ್ಲೂ ಒಂದೇ ರೋಗಾಣು ಬೆಳೆದಿದೆ ಎಂದು ಲ್ಯಾಬಿನಿಂದ ಬಂದಾಗ ಅದಕ್ಕೆ ತಕ್ಕ ಔಷಧಿಗೆ ಬದಲಾಯಿಸಿದರು. ಜ್ವರ ಇಳಿಯಿತು. ಕಣ್ಣು ತೆರೆದು ಅವಳು ಮೊದಲು ಆಡಿದ ಮಾತು, "ತೋಟದ ನೀರು ಏನಾಯ್ತು?" ಅಣ್ಣ ಎದ್ದು ಹೊರಗೆ ಹೋಗಿಬಿಟ್ಟ.

ಮತ್ತೆ ಬೆಂಗಳೂರಿಗೆ ಹೋಗಿ ಬಲಗಡೆಯಲ್ಲಿ ಹೊಸ ಕೊಳವೆ ಹಾಕಿಸಿಕೊಂಡು ಅವಳು ಮನೆಗೆ ಬಂದಾಗ ಹೂವು ಉದುರಿ ಮಿಡಿ ಕಟ್ಟಿತ್ತು. ಅಡಿಗೆಮನೆಯ ಮೂಲೆ ಖಾಲಿ. ಅವ್ವ ಆ ಮರಳನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ಹೊಳೆಗೇ ಸುರಿದು ಬಂದಿದ್ದಳಂತೆ. ನೀರಿನ ಮಡಕೆ ಬರೀ ನೆಲದ ಮೇಲೆ ಒಂದು ಸಿಂಬಿಯಲ್ಲಿ ಕೂತಿತ್ತು. ವೀಳ್ಯದೆಲೆ ಸೂರಿನಡಿಯ ತಟ್ಟೆಯಲ್ಲಿ ಬಾಡುತ್ತಿತ್ತು.

ಸೋಮವಾರ ಬಂತು. ಈ ಸಲ ಒಂದೊಂದು ಸಲಕ್ಕೆ ಒಂದೊಂದು ಸಣ್ಣ ಸೀಸೆ. ಒಡೆದು, ಬಳಸಿ, ಮಿಕ್ಕಿದ್ದನ್ನು ಎಸೆಯುವುದು. ಅಣ್ಣ ಕೈ ತೊಳೆದು ಬಂದು ಸೀಸೆಯ ಬಾಯಿ ಉಜ್ಜಿದ, ಕಾದ. ಕೊಳವೆಯ ಮುಚ್ಚಳ ಉಜ್ಜಿದ, ಕಾದ. ಅವ್ವ ಅಡಿಗೆಮನೆಯ ಬಾಗಿಲಿನಿಂದ ಈಚೆ ಬರಲಿಲ್ಲ. ಎರಡು ಕೈಯನ್ನೂ ಸೆರಗಿನೊಳಗೆ ಸುತ್ತಿ ಮುಚ್ಚಿಕೊಂಡಿದ್ದಳು. ಹಾಸನದಿಂದ ಬಂದ ಮೇಲೆ ಅವಳು ಅತ್ತಿಗೆಯ ತಟ್ಟೆಯನ್ನೂ ಮುಟ್ಟಿರಲಿಲ್ಲ.

"ಅತ್ತೆ, ಅಲ್ಲೇನು ಕಂಬ ಆಗ್ಬುಟ್ರಾ?" ಎಂದಳು ಅತ್ತಿಗೆ.

"ನಾನು ಬರಲ್ಲ ಕಣಮ್ಮ. ನನ್ನ ಕೈ ಬ್ಯಾಡ."

"ಇವ್ರಿಗೆ ಎರಡೇ ಕೈ ಇರೋದು. ಮುಗಿದ ತಕ್ಷಣ ಕ್ಲಿಪ್ ಒತ್ತೋರು ಬೇಕು. ನಿಮ್ಮ ಮಗಳ ಕೈ ನೋಡ್ರಿ, ಆಗಲೇ ನಡುಗ್ತಾ ಐತೆ. ಸೋಪು ಬಚ್ಚಲಲ್ಲೈತೆ, ತೊಳ್ಕಂಡು ಬರ್ರಿ."

ಅವ್ವ ನಿಂತೇ ಇದ್ದಳು. ಆಮೇಲೆ ಬಚ್ಚಲಿನಲ್ಲಿ ನೀರು ಸುರಿಯುವ ಸದ್ದು ಕೇಳಿತು. ಬಹಳ ಹೊತ್ತು ಸುರಿಯಿತು. ಮೊಣಕೈಯಿಂದ ನೀರು ಇಳಿಯುತ್ತಿದ್ದಂತೆಯೇ, ಅಣ್ಣನ ಹಾಗೆ ಕೈ ಎತ್ತಿಕೊಂಡು ಬಂದಳು. ಅಣ್ಣ ಕುದಿಸಿ ಒಣಗಿಸಿದ್ದ ಬಟ್ಟೆ ಕೊಟ್ಟ, ಒರೆಸಿಕೊಂಡಳು. ಅವನು ನಿಧಾನವಾಗಿ ಒತ್ತಿದ. ಔಷಧಿ ಎಲ್ಲಿಯೂ ತಡೆಯದೆ ಹೋಯಿತು.

"ಈಗ, ಅತ್ತೆ."

ಟಿಕ್.

ಅತ್ತಿಗೆ ಸೆರಗು ಸರಿಮಾಡಿಕೊಂಡು ಗೋಡೆಗೆ ಒರಗಿದಳು. ಶಾಲು ಅವಳ ಕಾಲ ಬಳಿ ಮಡಿಸಿಟ್ಟಿತ್ತು. ಯಾರೂ ಹೋಗಿ ತಿಂಡಿಗೆ ಕೂರಲಿಲ್ಲ. ಅಣ್ಣ ಹೊಸ್ತಿಲ ಮೇಲೆ, ಅವ್ವ ನೆಲದ ಮೇಲೆ, ನಾನು ಗಡಿಯಾರದ ಕೆಳಗೆ. ಹೊರಗೆ ಯಾರೋ ಅಣ್ಣನನ್ನು ಕೂಗಿ, ಉತ್ತರ ಬರದೆ ಹೋದರು. ಮುಳ್ಳು ಕಾಲುಭಾಗ ದಾಟಿತು. ಅರ್ಧಕ್ಕೆ ಬಂತು. ಅತ್ತಿಗೆ ಶಾಲಿನ ಕಡೆ ಕೈ ಚಾಚಿದಳು. ನಾನು ಗಡಿಯಾರ ನೋಡಿದೆ. ಅವಳು ಅದನ್ನು ಎತ್ತಿ, ಬಿಚ್ಚಿ, ಗಾಳಿ ಬೀಸಿಕೊಳ್ಳತೊಡಗಿದಳು.

"ಏನು ಸೆಕೆ ಮಾರಾಯ್ತಿ," ಅಂದಳು. "ಯಾರಾದ್ರೂ ನೀರು ಕೊಡ್ತೀರಾ, ಇಲ್ಲ ಹಿಂಗೇ ನೋಡ್ತಾ ಕೂತಿರ್ತೀರಾ?"

ಅವ್ವ ಎದ್ದು ಹೋದಳು. ನಾನು ಏಳಲಿಲ್ಲ. ಮುಳ್ಳು ಇನ್ನೂ ಸ್ವಲ್ಪ ಮುಂದೆ ಹೋಗಲಿ ಎಂದು ನೋಡುತ್ತಲೇ ಕೂತಿದ್ದೆ.